ಆಜ್ಞೆ ಯಾರದು, ವಿಧೇಯತೆ ಯಾರದು?

ನಮ್ಮ ಪಾಠಶಾಲೆಯಲ್ಲಿ ಓದಿ ಹೋದ ಸೋದರಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಅಡಿಗೆಯ ಕೆಲಸವು ಮುಗಿಯುವ ತನಕ ಮಗುವು ಸುಮ್ಮನಿರಲೆಂದು ಮೊಬೈಲನ್ನು ಅದರ ಕೈಗೆ ಕೊಡುವುದು ಎಷ್ಟೋ ಮನೆಗಳಲ್ಲಿ ವಾಡಿಕೆಯಾಗಿದೆ. ಅದರೊಳಗಿನ ಆನಿಮೇಷನ್ ಚಿತ್ರಗಳು ಹಿಂದಿನವುಗಳಂತೆ ತಮ್ಮಷ್ಟಕ್ಕೆ ತಾವು ಓಡಿಹೋಗತಕ್ಕವುಗಳಲ್ಲ. ಮಗುವು ಬೆರಳಿಟ್ಟರೆ ಕರಡಿಯು ಕುಣಿಯುವುದು. ಮಗುವು ಆರಿಸಿದ ಬಣ್ಣದ ಲಂಗವನ್ನು ಗೊಂಬೆಯು ತೊಡುವುದು. ಕೆಲವು ಆಟಗಳು ಮಗುವನ್ನು ಹೆಸರು ಹಿಡಿದು ಕರೆಯುವುದೂ ಉಂಟು. ಇದು ಒಳ್ಳೆಯದೋ ಕೆಟ್ಟದೋ ಎಂದು ತಾಯಿತಂದೆಗಳು ಚಿಂತಿಸುವುದು ಸಹಜವೇ. ಈ ವಿಷಯದಲ್ಲಿ ನಮಗೆ ತೋರಿದುದನ್ನು ಇಲ್ಲಿ ಅರಿಕೆಮಾಡುವೆವು.

ಚಿತ್ರವು ನಮ್ಮ ಮಾತಿಗೆ ಓಗೊಡಬೇಕೆಂಬ ಆಸೆಯು ಹೊಸದಲ್ಲ. ೧೯೧೪ರಲ್ಲಿ ಅಮೆರಿಕದ ವಿನ್ಸರ್ ಮೆಕೇ ಎಂಬ ಚಿತ್ರಗಾರನು ಸಾವಿರಾರು ಚಿತ್ರಗಳನ್ನು ಬರೆದು, ಗರ್ಟಿ ಎಂಬ ಡೈನೋಸಾರಿಗೆ ಚಲನೆಯನ್ನು ಕೊಟ್ಟನು. ಆತನು ರಂಗದ ಮೇಲೆ ಪರದೆಯ ಪಕ್ಕದಲ್ಲಿ ನಿಂತು ಕಾಲೆತ್ತೆಂದರೆ ಗರ್ಟಿಯು ಕಾಲೆತ್ತುವಳು, ಗದರಿಸಿದರೆ ಅಳುವಳು. ಆದರೆ ನಿಜಸಂಗತಿಯೇನು? ಫಿಲ್ಮಿನಲ್ಲಿ ಎಲ್ಲವೂ ಮೊದಲೇ ಅಚ್ಚಾಗಿತ್ತು. ಗರ್ಟಿಯು ಆತನ ಮಾತನ್ನು ಕೇಳಲಿಲ್ಲ. ಆತನೇ ಅವಳ ಚಲನೆಗೆ ತಕ್ಕಂತೆ ತನ್ನ ಮಾತುಗಳನ್ನು ಹೊಂದಿಸಿಕೊಂಡಿದ್ದನು. ಆಜ್ಞೆ ಮಾಡಿದವನೇ ವಿಧೇಯನಾಗಿದ್ದನು.

ಇಂದಿನ ಯಂತ್ರವಿದ್ಯೆಯು ಬಹಳ ಮುಂದುವರಿದಿದೆ. ಬೆರಳಿನ ಸ್ಪರ್ಶಕ್ಕೆ ಅನುಸಾರವಾಗಿ ಆಟದ ಚಿತ್ರವನ್ನು ಸೆಕೆಂಡಿಗೆ ಮೂವತ್ತು, ಅರುವತ್ತು ಸಲ ಹೊಸದಾಗಿ ಬರೆಯುವ ಶಕ್ತಿಯು ಅದಕ್ಕುಂಟು. ೨೦೧೭ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯವರು ಬೂಟು ತೊಟ್ಟ ಬೆಕ್ಕಿನ ಕಥೆಯೊಂದನ್ನು ಪ್ರಕಟಿಸಿ, ಮುಂದೇನಾಗಬೇಕೆಂಬುದನ್ನು ಮಕ್ಕಳೇ ಆರಿಸುವಂತೆ ಮಾಡಿದರು. ಇದರಲ್ಲಿ ಜಾಣತನವೂ ವಿನೋದವೂ ಇದ್ದುವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಆ ಕವಲುಗಳನ್ನೆಲ್ಲ ಬರೆದಿಟ್ಟವರು ದೊಡ್ಡವರೇ. ಮುಂದಿಟ್ಟವುಗಳಲ್ಲಿ ಒಂದನ್ನು ಮಗುವು ಆರಿಸಬಹುದು. ಬರೆಯದೆ ಬಿಟ್ಟುದನ್ನು ಕೇಳಲಾರದು. ಪುಣ್ಯಕೋಟಿಯ ಕಥೆಯನ್ನು ಹೇಳುವ ಅಜ್ಜಿಯನ್ನು ನೋಡಿರಿ. "ಹುಲಿಯು ಸಾಯಬಾರದು ಅಜ್ಜೀ" ಎಂದು ಮೊಮ್ಮಗಳು ಹಟಹಿಡಿದರೆ ಅಜ್ಜಿಯು ಕಥೆಯನ್ನು ನಿಲ್ಲಿಸಿ ಯೋಚಿಸಲೇಬೇಕಾಗುವುದು. ಅಲ್ಲಿ ಮಗುವಿನ ಮಾತಿಗೆ ನಿಜವಾದ ಬೆಲೆಯುಂಟು.

ಇನ್ನೊಂದು ಸಂಗತಿಯಿದೆ. ಚಿತ್ರವು ಮಗುವಿನ ಇಷ್ಟವನ್ನು ಅರಿಯಬೇಕಾದರೆ ಮಗುವನ್ನು ಗಮನಿಸಬೇಕಷ್ಟೆ. ಏನನ್ನು ಆರಿಸಿತು, ಎಷ್ಟು ಹೊತ್ತು ನೋಡಿತು ಎಂಬ ಲೆಕ್ಕವನ್ನು ಇಡುವವರುಂಟು. ಮಕ್ಕಳ ವಿವರಗಳನ್ನು ತಾಯಿತಂದೆಗಳ ಅಪ್ಪಣೆಯಿಲ್ಲದೆ ಸಂಗ್ರಹಿಸಿದ ಆರೋಪದ ಇತ್ಯರ್ಥಕ್ಕಾಗಿ ೨೦೧೯ರಲ್ಲಿ ಅಮೆರಿಕದಲ್ಲಿ ಗೂಗಲ್ ಮತ್ತು ಯೂಟ್ಯೂಬ್ ಸಂಸ್ಥೆಗಳು ೧೭ ಕೋಟಿ ಡಾಲರುಗಳನ್ನು ತೆರಲು ಒಪ್ಪಿದುವು. ನಮ್ಮ ದೇಶದಲ್ಲಿ ೨೦೨೩ರಲ್ಲಿ ಅಂಗೀಕೃತವಾದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು, ೧೮ ವರ್ಷ ತುಂಬದವರ ವಿವರಗಳನ್ನು ಬಳಸಲು ಹೆತ್ತವರ ಅಥವಾ ಪೋಷಕರ ಸಮ್ಮತಿಯು ಅಗತ್ಯವೆಂದು ವಿಧಿಸುತ್ತದೆ. ಆದರೆ ಸಮ್ಮತಿ ಕೊಡಬೇಕಾದ ತಾಯಿಯೇ ಓದದೆ ಗುಂಡಿಯನ್ನು ಒತ್ತಿಬಿಟ್ಟರೆ ಕಾಯಿದೆಯು ಮಾಡುವುದೇನು?

ಹಾಗೆಂದು ಮೊಬೈಲನ್ನು ಕಸಿದುಕೊಳ್ಳಿರೆಂದು ನಾವು ಹೇಳುವವರಲ್ಲ. ಕಸಿದುಕೊಂಡುದನ್ನು ಮಕ್ಕಳು ಕದ್ದು ನೋಡುವರು. ಮಗುವಿನ ಬಳಿಯಲ್ಲಿ ಅರ್ಧ ಗಳಿಗೆ ಕುಳಿತು, "ಇಲ್ಲಿ ಇಲ್ಲದ ಯಾವುದನ್ನು ನೀನು ಮಾಡಿಸುತ್ತಿದ್ದೆ?" ಎಂದು ಕೇಳಿರಿ. ಮಗಳು ತುಸು ದೊಡ್ಡವಳಾದ ಮೇಲೆ ಇಂತಹ ಚಿತ್ರಗಳನ್ನು ತಾನೇ ಮಾಡುವುದನ್ನು ಕಲಿಸಿರಿ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯವರು ೨೦೦೭ರಲ್ಲಿ ಹೊರತಂದ ಸ್ಕ್ರ್ಯಾಚ್ ಎಂಬ ಸಾಧನವು ಹಣವಿಲ್ಲದೆ ದೊರೆಯುವುದು. ಅದರಲ್ಲಿ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿ, ಬೆಕ್ಕು ಯಾವಾಗ ನಡೆಯಬೇಕು, ಯಾರು ಮುಟ್ಟಿದರೆ ಏನನ್ನಬೇಕು ಎಂಬುದನ್ನು ಹತ್ತು ವರುಷದ ಹುಡುಗಿಯೂ ಗೊತ್ತುಮಾಡಬಲ್ಲಳು. ಹೀಗೆ ಒಮ್ಮೆ ಮಾಡಿದವಳಿಗೆ ಇತರರ ಚಿತ್ರಗಳ ಒಳಗುಟ್ಟು ತಾನಾಗಿ ತಿಳಿಯುವುದು.

ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪರರು ಗೊತ್ತುಮಾಡಿದ ಎರಡು ದಾರಿಗಳಲ್ಲಿ ಒಂದನ್ನು ಹಿಡಿದು, ಅದನ್ನೇ ತನ್ನ ಇಚ್ಛೆಯೆಂದು ತಿಳಿಯುವ ಅಭ್ಯಾಸವು ನಮ್ಮ ಸ್ತ್ರೀಯರಿಗೆ ಬಹುಕಾಲದಿಂದ ಬಂದಿದೆ. ಅದನ್ನು ಬಿಡಿಸುವುದಕ್ಕಾಗಿಯೇ ನಿಮ್ಮನ್ನು ಶಾಲೆಗೆ ಕಳುಹಿಸಿದರು. ಓದುವುದರೊಂದಿಗೆ ಬರೆಯುವುದನ್ನೂ ಕಲಿಸಿದರು. ಆ ಅಭ್ಯಾಸವು ಆಟದ ವೇಷದಲ್ಲಿ ನಿಮ್ಮ ಹೆಣ್ಣುಮಕ್ಕಳಿಗೆ ಮರಳಿ ಅಂಟದಂತೆ ನೋಡಿಕೊಳ್ಳಬೇಕೆಂಬುದೇ ನಮ್ಮ ಬಿನ್ನಹ.