ಹೊಗೆಸೊಪ್ಪು ಕಬ್ಬಿಣ ಕಾಯುತ್ತಾ?

ಕಟ್ಟೆಮಳಲವಾಡಿಯ ತಂಬಾಕು ಹರಾಜಿಗೆ ಬೇಲ್ ಹೊತ್ತು ಹೋಗುವ ಟ್ರ್ಯಾಕ್ಟರ್ ನೋಡಿದಾಗೆಲ್ಲ ನನಗೆ ಒಂದೇ ಪ್ರಶ್ನೆ. ಈ ಎಲೆಗೆ ಸಿಗರೇಟು ಬಿಟ್ಟು ಬೇರೆ ಬದುಕೇ ಇಲ್ವಾ?

ಇರಬಹುದು ಅನ್ನುತ್ತೆ ರಸಾಯನಶಾಸ್ತ್ರ. ತಂಬಾಕಿನ ಸಾರ ಲೋಹಕ್ಕೆ ತುಕ್ಕು ಹಿಡಿಯೋದನ್ನು ತಗ್ಗಿಸುತ್ತೆ ಅಂತ ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ.

ಹೇಗೆ? ನಿಕೋಟಿನ್ ಅಣುವಿನಲ್ಲಿ ಎರಡು ನೈಟ್ರೋಜನ್ ಪರಮಾಣುಗಳಿವೆ. ಅವುಗಳ ಹತ್ತಿರ ಯಾರಿಗೂ ಕೊಡದೆ ಉಳಿದ ಎಲೆಕ್ಟ್ರಾನ್ ಜೋಡಿ ಇರುತ್ತೆ. ಲೋಹ ಆ ಜೋಡಿಯನ್ನು ಹಂಚಿಕೊಳ್ಳುತ್ತೆ, ಅಣು ಅಲ್ಲೇ ಅಂಟುತ್ತೆ. ಹೀಗೆ ಅಂಟಿದ ಅಣುಗಳು ನೀರು, ಆಮ್ಲಗಳಿಗೆ ಅಡ್ಡ ನಿಲ್ಲುತ್ತವೆ. ಬಣ್ಣ ಬಳಿದ ಹಾಗೇ, ಆದರೆ ಈ ಬಣ್ಣ ಕಣ್ಣಿಗೆ ಕಾಣಲ್ಲ.

ಇನ್ನೂ ಸೋಜಿಗ ಅಂದ್ರೆ ಕೆಲವು ಅಣುಗಳು ಯಾರೂ ಹೇಳದೆ ತಾವೇ ಸಾಲುಗಟ್ಟುತ್ತವೆ. ಗಂಧಕ ಇರುವ ಅಣುಗಳು ಚಿನ್ನದ ಮೇಲೆ ಹೀಗೆ ಒಪ್ಪವಾಗಿ ಪದರ ಕಟ್ಟುತ್ತವೆ ಅಂತ 1983ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ರಾಲ್ಫ್ ನುಜೊ, ಡೇವಿಡ್ ಅಲಾರಾ ತೋರಿಸಿದರು. ಹುಣಸೂರು ಬಸ್ಸು ನೆನಪಿಸಿಕೊಳ್ಳಿ. ಖಾಲಿ ಇದ್ದಾಗ ಒಬ್ಬೊಬ್ಬರು ಮೂರು ಸೀಟು ಹಿಡಿದು ಮಲಗ್ತಾರೆ. ಜನ ಹತ್ತುತ್ತಾ ಹೋದಂತೆ ಎಲ್ಲರೂ ನೆಟ್ಟಗೆ ನಿಲ್ಲಲೇಬೇಕು. ಉದ್ದ ಬಾಲದ ಆ ಅಣುಗಳೂ ಅಷ್ಟೆ. ಮೊದಲು ಮಲಗುತ್ತವೆ, ಒತ್ತಡ ಹೆಚ್ಚಿದಾಗ ಎದ್ದು ಒತ್ತೊತ್ತಾಗಿ ನಿಲ್ಲುತ್ತವೆ. ಪದರದ ದಪ್ಪ ಒಂದೇ ಒಂದು ಅಣು!

ತಂಬಾಕಿನ ಸಾರ ಇಷ್ಟು ಶಿಸ್ತಿನದಲ್ಲ. ಅದರಲ್ಲಿ ಹತ್ತಾರು ಬಗೆಯ ಅಣುಗಳ ಸಂತೆ. ಆದರೂ ಉಕ್ಕನ್ನು ಆಮ್ಲದಲ್ಲಿ ತೊಳೆಯುವ ಕಾರ್ಖಾನೆಗಳಿಗೆ ಇಂಥ ರಕ್ಷಕ ಅಣುಗಳು ಬೇಕೇಬೇಕು. ಇಲ್ಲದಿದ್ರೆ ತುಕ್ಕಿನ ಜೊತೆ ಒಳ್ಳೆ ಲೋಹವೂ ಕರಗುತ್ತೆ. ಅದಕ್ಕೆ ಹರಾಜಿಗೆ ಹೋಗದ ಪುಡಿ, ಕಡ್ಡಿಯೂ ಸಾಕಾಗಬಹುದು.

ಗಿಡದ್ದು ಅಂದ ಮಾತ್ರಕ್ಕೆ ಸಾಧು ಅಂದ್ಕೋಬೇಡಿ. ಒದ್ದೆ ಎಲೆ ಮುರಿಯುವವರಿಗೆ ತಲೆ ಸುತ್ತಿ ವಾಂತಿ ಬರೋದು ಇದೇ ನಿಕೋಟಿನ್ ಚರ್ಮದ ಮೂಲಕ ಒಳಗೆ ಇಳಿಯೋದ್ರಿಂದ. ಕಾರ್ಖಾನೆಯ ನೀರಿಗೆ ಅದು ಸೇರಿದರೂ ಅಪಾಯವೇ.

ಇದನ್ನೆಲ್ಲ ಬೇರನ್ ಮುಂದೆ ಕೂತಿದ್ದ ಮಾವನಿಗೆ ಉತ್ಸಾಹದಿಂದ ಹೇಳಿದೆ. ಒಲೆಗೆ ಸೌದೆ ನೂಕಿ, ಪೂರ್ತಿ ಕೇಳಿ, ಒಂದೇ ಮಾತು ಅಂದ್ರು: "ಸರಿ ಕಣಪ್ಪ, ಕೆಜಿಗೆ ಎಷ್ಟು ಕೊಡ್ತಾರೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಅಣು ಲೋಹಕ್ಕೆ ತಾನಾಗೇ ಅಂಟುತ್ತೆ. ಬೆಳೆಗೆ ಹೊಸ ಮಾರುಕಟ್ಟೆ ಮಾತ್ರ ಯಾರಾದ್ರೂ ಕಟ್ಟಬೇಕು.