ಬಳಗದ ಗುರುತೂ ಜಾಲದ ಸೇವೆಯೂ

ಮನುಷ್ಯನ ಸಂಪತ್ತುಗಳಲ್ಲಿ ಬಳಗವು ಒಂದು ದೊಡ್ಡ ಸಂಪತ್ತೆಂಬದನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಬ್ಯಾಡಗಿಯ ಮೆಣಸಿನಕಾಯಿ, ರಾಣೇಬೆನ್ನೂರಿನ ಬಿತ್ತನೆಯ ಬೀಜ, ಹಾವೇರಿಯ ಏಲಕ್ಕಿ ಹಾರ, ಈ ಮೂರೂ ದೂರದೂರಗಳಲ್ಲಿ ಹೆಸರು ಗಳಿಸಿದ್ದು ಸರಕಿನ ಗುಣದಿಂದ ಹೇಗೋ, ಹಾಗೆಯೇ ಒಬ್ಬರ ಮಾತನ್ನು ಇನ್ನೊಬ್ಬರು ನಂಬಿದ್ದರಿಂದ. ಮಗಳನ್ನು ಓದಿಗಾಗಿ ಬೆಂಗಳೂರಿಗೋ ಧಾರವಾಡಕ್ಕೋ ಕಳಿಸುವ ತಾಯಿಯು ಮೊದಲು ಕೇಳುವದು, "ಅಲ್ಲಿ ನಮ್ಮವರು ಯಾರಿದ್ದಾರೆ?" ಎಂಬ ಪ್ರಶ್ನೆಯನ್ನೇ. ಹಿಂದೆ ಇದಕ್ಕೆ ಉತ್ತರವು ಪರಿಚಯಪತ್ರದ ರೂಪದಲ್ಲಿ ಬರುತ್ತಿತ್ತು. ಈಗ ಕೈಯೊಳಗಿನ ಮೊಬೈಲಿನಲ್ಲಿ ಬರುತ್ತದೆ. ಹೀಗೆ ಯಂತ್ರಕ್ಕೆ ಒಪ್ಪಿಸಲ್ಪಟ್ಟ ಬಳಗದ ಗುರುತು ಯಾರ ಸ್ವತ್ತು, ಅದನ್ನು ಯಾರು ಯಾರಿಗೆ ಕೊಡಬಹುದು ಎಂಬ ವಿಷಯದಲ್ಲಿ ನಮ್ಮ ಪೂರ್ವ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ಎರಡು ಮಾತುಗಳನ್ನಿಡಲು ಬಯಸುತ್ತೇವೆ.

ಮೊದಲು ವಿಷಯವನ್ನು ತಿಳಿಯಾಗಿ ವಿವರಿಸತಕ್ಕದ್ದು. ಅಂತರಜಾಲದಲ್ಲಿ ಎರಡು ಬಗೆಯ ಏರ್ಪಾಡುಗಳಿವೆ. ವಾಟ್ಸಾಪ್, ಫೇಸ್‌ಬುಕ್ ಮೊದಲಾದವು ಪರಿಚಯದ ಜಾಲಗಳು. ಯಾರಿಗೆ ಯಾರು ಬೇಕಾದವರೆಂಬದನ್ನು ಅವು ಬಲ್ಲವು. ಟಿಕೀಟು ಕೊಡುವದು, ಹಣ ಕಳಿಸುವದು, ಪೇಟೆಯ ಧಾರಣೆ ತಿಳಿಸುವದು ಇವು ಸೇವೆಗಳು. ಒಂದು ಯಂತ್ರವು ಇನ್ನೊಂದು ಯಂತ್ರವನ್ನು ನಿಯತವಾದ ರೀತಿಯಲ್ಲಿ ಪ್ರಶ್ನಿಸಿ ಉತ್ತರ ಪಡೆಯುವ ಬಾಗಿಲುಗಳನ್ನು ತಂತ್ರಾಂಶ ರಚಿಸುವವರು ಇಟ್ಟಿರುತ್ತಾರೆ. ಆ ಬಾಗಿಲಿನ ಮೂಲಕ ಪರಿಚಯದ ಜಾಲವನ್ನೂ ಸೇವೆಯನ್ನೂ ಜೋಡಿಸಿದರೆ ಜನರಿಗೆ ಅನುಕೂಲವಾಗುವದೆಂಬದು ಅವರ ವಿಚಾರ. ಬೆಂಗಳೂರಿನ ನಮ್ಮ ಮೆಟ್ರೋ ಸಂಸ್ಥೆಯು 2022ರ ನವೆಂಬರ್ 1ರಿಂದ ವಾಟ್ಸಾಪಿನಲ್ಲಿಯೇ ಟಿಕೀಟು ಕೊಡತೊಡಗಿದ್ದು ಇದಕ್ಕೆ ಒಳ್ಳೆಯ ಉದಾಹರಣೆ. ತಾಯಿಯೊಡನೆ ಮಾತನಾಡುವ ಅದೇ ಸ್ಥಳದಲ್ಲಿ ಮಗಳು ಟಿಕೀಟನ್ನೂ ಪಡೆಯುತ್ತಾಳೆ.

ಇಂಥ ಜೋಡಣೆಯನ್ನು ನಾವು ದೂಷಿಸುವವರಲ್ಲ. ಕರ್ನಾಟಕ ಸರ್ಕಾರವು 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ, ಕೃಷಿ ಪೇಟೆಗಳ ಟೆಂಡರನ್ನು ಗಣಕಯಂತ್ರದ ಮೂಲಕ ನಡೆಯಿಸುವ ಮಾರ್ಗವನ್ನು ಹಾಕಿತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ರಾಯಚೂರು, ಬಳ್ಳಾರಿ ಸೀಮೆಗಳಿಂದಲೂ ನೆರೆಯ ಆಂಧ್ರದಿಂದಲೂ ರೈತರು ಬ್ಯಾಡಗಿಗೆ ಮಾಲು ತರುತ್ತಾರೆ. 2024ರ ಮಾರ್ಚ್ 11ರಂದು ಧಾರಣೆಯು ಒಮ್ಮೆಲೇ ಕುಸಿಯಿತೆಂದು ರೊಚ್ಚಿಗೆದ್ದ ಜನರು ಪೇಟೆ ಸಮಿತಿಯ ಕಚೇರಿಯ ಮೇಲೆ ಕಲ್ಲು ತೂರಿ ವಾಹನಗಳನ್ನು ಸುಟ್ಟರು. ಧಾರಣೆಯ ವರ್ತಮಾನವೊಂದು ಮೊದಲೇ ಸಿಕ್ಕಿದ್ದರೆ ಆ ಅನಾಹುತವು ತಪ್ಪುತ್ತಿತ್ತೆಂದು ನಾವು ಹೇಳುವದಿಲ್ಲ. ಆದರೆ ಲಾರಿ ಬಾಡಿಗೆ ತೆತ್ತು ನೂರಾರು ಮೈಲಿ ಬಂದ ಮೇಲೆ ಬೆಲೆ ತಿಳಿಯುವದಕ್ಕೂ, ತನ್ನೂರಿನಲ್ಲಿ ಕುಳಿತಿರುವಾಗಲೇ, ತಾನು ನಂಬುವವರ ಕೂಟದೊಳಗೇ, ಪೇಟೆಯ ನಿಜವಾದ ಧಾರಣೆಯು ಬಂದು ಮುಟ್ಟುವದಕ್ಕೂ ಬಹಳ ಅಂತರವಿದೆ. ಗಾಳಿಮಾತನ್ನೂ ಖರೆ ವರ್ತಮಾನವನ್ನೂ ಬೇರ್ಪಡಿಸುವ ಶಕ್ತಿಯು ಈ ಜೋಡಣೆಯಲ್ಲಿದೆ.

ಹೀಗಿದ್ದರೂ ಇದರಲ್ಲಿ ಅಪಾಯವೂ ಅಡಗಿದೆ. ಫೇಸ್‌ಬುಕ್ ಸಂಸ್ಥೆಯು ಒಂದು ಕಾಲಕ್ಕೆ ತನ್ನ ಬಾಗಿಲುಗಳನ್ನು ಹೊರಗಿನ ಸೇವೆಗಳಿಗೆ ಧಾರಾಳವಾಗಿ ತೆರೆದಿತ್ತು. ಜನರ ಸ್ವಭಾವವನ್ನು ಪರೀಕ್ಷಿಸಿ ಹೇಳುವೆನೆಂಬ ಒಂದು ಪ್ರಶ್ನಾವಳಿಯ ಸೇವೆಯು ಆ ಮಾರ್ಗವಾಗಿ ಒಳಹೊಕ್ಕು, ಉತ್ತರ ಕೊಟ್ಟವರ ವಿವರಗಳನ್ನಷ್ಟೇ ಅಲ್ಲದೆ ಅವರ ಸ್ನೇಹಿತರ ವಿವರಗಳನ್ನೂ ಒಯ್ದಿತು. ಅವು ಕೇಂಬ್ರಿಜ್ ಅನಲಿಟಿಕಾ ಎಂಬ ಚುನಾವಣಾ ಪ್ರಚಾರದ ಸಂಸ್ಥೆಯ ಕೈಸೇರಿದ ಸಂಗತಿಯು 2018ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಆಗ ಫೇಸ್‌ಬುಕ್ ಸಂಸ್ಥೆಯೇ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಆ ಸೇವೆಯನ್ನು ತಮ್ಮದಾಗಿ ಸ್ವೀಕರಿಸಿದವರು 335 ಜನ ಮಾತ್ರ. ವಿವರಗಳು ಹೊರಗೆ ಹೋಗಿರಬಹುದಾದವರು 5,62,455 ಜನ. ಓದುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬಾಗಿಲು ತೆರೆದವರು ಕೆಲವೇ ಜನ. ಮನೆಯೊಳಗಿನ ಸಾಮಾನು ಹೋದದ್ದು ಲಕ್ಷಾಂತರ ಜನರದು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಇದರಿಂದ ನಾವು ಕಲಿಯತಕ್ಕ ಪಾಠವೇನು? ಪರಿಚಯವೆಂಬದು ಇಬ್ಬರ ನಡುವಿನ ಸ್ವತ್ತು. ನನ್ನ ಹೊಲವನ್ನು ನಾನು ಮಾರಬಹುದು. ನಾನೂ ನನ್ನ ಗೆಳತಿಯೂ ಸೇರಿ ಕಟ್ಟಿಕೊಂಡ ವಿಶ್ವಾಸವನ್ನು ನಾನೊಬ್ಬಳೇ ಮಾರಲಾರೆ. ನೆರೆಮನೆಯ ಮಗಳು ಯಾವ ಊರಿನ ವಸತಿಗೃಹದಲ್ಲಿದ್ದಾಳೆಂದು ಗುರುತಿಲ್ಲದವನು ಬಂದು ಕೇಳಿದರೆ ನಮ್ಮ ಹಳ್ಳಿಯ ಅಕ್ಷರಬಾರದ ಮುದುಕಿಯೂ ಹೇಳುವದಿಲ್ಲ. ಆದರೆ ಒಂದು ಆಟದ ಅಥವಾ ಬಹುಮಾನದ ಆಸೆಗೆ, "ನಿಮ್ಮ ಪರಿಚಯದವರ ಪಟ್ಟಿಯನ್ನು ನೋಡಲೇ?" ಎಂದು ಯಂತ್ರವು ಕೇಳಿದಾಗ ಓದುಬಲ್ಲವರೂ ಬೆರಳೊತ್ತಿ ಒಪ್ಪುತ್ತಾರೆ. ಆ ಪಟ್ಟಿಯಲ್ಲಿ ಅದೇ ನೆರೆಮನೆಯ ಮಗಳ ಹೆಸರೂ ನಂಬರೂ ಇರುತ್ತದೆಂಬ ನೆನಪು ಆ ಕ್ಷಣದಲ್ಲಿ ಉಳಿಯುವದಿಲ್ಲ.

ಇನ್ನೊಂದು ಸಂಗತಿಯು ವಿಶೇಷವಾಗಿ ಸ್ತ್ರೀಯರಿಗೆ ಸಂಬಂಧಿಸಿದ್ದು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಹಸನು ಮಾಡುವ ಕೆಲಸದಲ್ಲಿಯೂ, ರಾಣೇಬೆನ್ನೂರಿನ ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿಯೂ ದುಡಿಯುವ ಕೈಗಳಲ್ಲಿ ಹೆಂಗಸರವು ಬಹಳ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಿಂದ ಹಣವು ಮೊಬೈಲಿನ ಮೂಲಕವೇ ಬಂದು ಮುಟ್ಟುವಂತಾಯಿತು. 2023ರ ಆಗಸ್ಟಿನಲ್ಲಿ ನಮ್ಮ ಸರ್ಕಾರವು ಗೃಹಲಕ್ಷ್ಮಿ ಯೋಜನೆಯನ್ನು ಆರಂಭಿಸಿದಾಗ ತಿಂಗಳಿಗೆ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಹೆಸರಿಗೇ ಗೊತ್ತುಮಾಡಿತು. ಆದರೆ ಖಾತೆಯು ಆಕೆಯದಾಗಿದ್ದು ಮೊಬೈಲು ಗಂಡನದೋ ಮಗನದೋ ಆಗಿದ್ದರೆ, ಗುಪ್ತಸಂಖ್ಯೆಯು ಬರುವದು ಅವರ ಕೈಗೆ. ಬಳಗ, ಹಣ, ಟಿಕೀಟು, ಧಾರಣೆ ಎಲ್ಲವೂ ಒಂದೇ ನಂಬರಿಗೆ ಜೋಡಿಸಲ್ಪಟ್ಟಷ್ಟೂ ಆ ನಂಬರು ಇಲ್ಲದವಳು ಎಲ್ಲದರಿಂದ ಒಮ್ಮೆಗೇ ಹೊರಗುಳಿಯುತ್ತಾಳೆ. ಈ ಹಾನಿಯನ್ನು ಜೋಡಣೆ ಮಾಡುವ ಜಾಣರು ಸಾಕಷ್ಟು ಎಣಿಸಿಲ್ಲವೆಂಬದು ನಮ್ಮ ಅಭಿಪ್ರಾಯ.

ಹಾಗಾದರೆ ಉಪಾಯವೇನು? ಜಾಲವನ್ನು ನಿರ್ಮಿಸಿದವರಲ್ಲಿಯೇ ಇದನ್ನು ಆಲೋಚಿಸಿದವರಿದ್ದಾರೆ. 1989ರಲ್ಲಿ ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟ ಟಿಮ್ ಬರ್ನರ್ಸ್ ಲೀ ಎಂಬವರು 2018ರಲ್ಲಿ ಸಾಲಿಡ್ ಎಂಬ ಯೋಜನೆಯನ್ನು ಲೋಕಕ್ಕೆ ಪರಿಚಯಿಸಿದರು. ಪ್ರತಿಯೊಬ್ಬರ ವಿವರಗಳೂ ಅವರವರ ಸ್ವಂತ ಪೆಟ್ಟಿಗೆಯಲ್ಲಿರಬೇಕು. ಸೇವೆಗಳು ಆ ಪೆಟ್ಟಿಗೆಯ ಬಳಿಗೆ ಬಂದು ಬೇಕಾದಷ್ಟನ್ನೇ ಅಪ್ಪಣೆ ಬೇಡಿ ನೋಡಬೇಕು. ಕೊಟ್ಟ ಅಪ್ಪಣೆಯನ್ನು ಹಿಂತೆಗೆದುಕೊಳ್ಳಲು ಒಡೆಯರಿಗೆ ಅಧಿಕಾರವಿರಬೇಕು ಎಂಬದು ಅದರ ಸಾರ. ನಮ್ಮ ದೇಶದಲ್ಲಿಯೂ ರಿಸರ್ವ್ ಬ್ಯಾಂಕಿನ ನಿಯಮಗಳಿಗೊಳಪಟ್ಟು 2021ರ ಸೆಪ್ಟೆಂಬರಿನಲ್ಲಿ ಆರಂಭವಾದ ಅಕೌಂಟ್ ಅಗ್ರಿಗೇಟರ್ ಎಂಬ ಏರ್ಪಾಡು ಇದೇ ನೀತಿಯನ್ನು ಬ್ಯಾಂಕಿನ ವಿವರಗಳ ಮಟ್ಟಿಗೆ ಅನುಸರಿಸುತ್ತದೆ. ಯಾವ ವಿವರ, ಯಾವ ಉದ್ದೇಶಕ್ಕೆ, ಎಷ್ಟು ಕಾಲದವರೆಗೆ ಎಂಬದನ್ನು ಒಪ್ಪಿಗೆಯಲ್ಲಿ ಹೇಳಲೇಬೇಕು. ವಿವರವನ್ನು ಒಯ್ಯುವ ಮಧ್ಯವರ್ತಿಯು ಅದನ್ನು ಓದಲಾರನು. ಬಳಗದ ಗುರುತಿಗೂ ಇದೇ ಮರ್ಯಾದೆಯು ಸಲ್ಲಬೇಕೆಂದು ನಾವು ವಾದಿಸುತ್ತೇವೆ.

ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಈ ದಿಕ್ಕಿಗೆ ಒಂದು ಹೆಜ್ಜೆ. ಒಪ್ಪಿಗೆ ಕೊಡುವದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವದೂ ಅಷ್ಟೇ ಸುಲಭವಿರಬೇಕೆಂದೂ, ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಲ್ಲದೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ ಓದುವ ಅವಕಾಶವಿರಬೇಕೆಂದೂ ಅದು ವಿಧಿಸುತ್ತದೆ. ಆ ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು. 18 ವರ್ಷ ತುಂಬದವರ ವಿಷಯದಲ್ಲಿ ಪಾಲಕರ ಒಪ್ಪಿಗೆಯು ಬೇಕು. ಈ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತಾಗಿದೆ.

"ಇಷ್ಟುದ್ದದ ಒಪ್ಪಿಗೆಯನ್ನು ಯಾರು ಓದುತ್ತಾರೆ? ಪುಕ್ಕಟೆ ಸೇವೆಗೆ ಏನಾದರೂ ಕೊಡಲೇಬೇಕಲ್ಲ?" ಎಂದು ಕೆಲವರು ಆಕ್ಷೇಪಿಸಬಹುದು. ಓದದೆ ರುಜು ಹಾಕಿದ ಸಾಲಪತ್ರದಿಂದ ಹೊಲ ಕಳೆದುಕೊಂಡ ಮನೆತನಗಳ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಬೇಕೆಂದು ಜನರು ಹಟ ಹಿಡಿದದ್ದರ ಒಂದು ಕಾರಣವು ಇದೇ ಆಗಿತ್ತು: ಹೆಬ್ಬೆಟ್ಟಿನ ಕಾಲವು ಹೋಗಿ ಓದಿ ರುಜು ಹಾಕುವ ಕಾಲ ಬರಲಿ ಎಂಬದು. ಓದುಬಂದ ಮೇಲೆಯೂ ಗಾಜಿನ ಫಲಕದ ಮೇಲೆ ಮರಳಿ ಹೆಬ್ಬೆಟ್ಟೊತ್ತುವದಾದರೆ ನಾವು ಕಲಿತ ವಿದ್ಯೆಗೆ ಬೆಲೆಯೇನು?

ಆದಕಾರಣ ನಮ್ಮ ಸೂಚನೆಗಳು ಇಷ್ಟೇ. ಪೂರ್ವ ವಿದ್ಯಾರ್ಥಿನಿಯರು ತಮ್ಮ ಕೂಟದ ಪಟ್ಟಿಯನ್ನು ಜಾಲದಲ್ಲಿ ಮಾಡುವದಾದರೆ ಪ್ರತಿಯೊಬ್ಬಳನ್ನೂ ಬೇರೆಬೇರೆಯಾಗಿ ಕೇಳಿ, ಆಕೆ ಕೊಟ್ಟಷ್ಟನ್ನೇ ಬರೆಯಲಿ. ಹೊಸ ಊರಿಗೆ ಹೋಗುವ ಹುಡುಗಿಗೆ ವಸತಿ ತೋರಿಸುವೆನೆಂದು ಒಬ್ಬಳು ಹೇಳಿದರೆ ಆಕೆಯ ಹೆಸರು ಆ ಕಾರ್ಯಕ್ಕೆ ಮಾತ್ರ ಸಲ್ಲಲಿ, ವ್ಯಾಪಾರಿಗೆ ಸಲ್ಲದಿರಲಿ. ಪರಿಚಯದವರ ಪಟ್ಟಿಯನ್ನು ಬೇಡುವ ಸೇವೆಗೆ, ಅದು ಇಲ್ಲದೆಯೂ ಕೆಲಸ ನಡೆಯುವದಾದರೆ, "ಇಲ್ಲ" ಎಂದು ಹೇಳುವ ರೂಢಿಯಾಗಲಿ. ಪಾಲಕರು ಮಗಳಿಗೂ ಮನೆಯೊಡತಿಗೂ ಅವರವರ ಹೆಸರಿನ ನಂಬರನ್ನು ಕೊಡಿಸಿ, ಗುಪ್ತಸಂಖ್ಯೆಯನ್ನು ಅವರಲ್ಲಿಯೇ ಬಿಡಲಿ. ಒಪ್ಪಿಗೆಯ ಪತ್ರವು ಕನ್ನಡದಲ್ಲಿ ಬೇಕೆಂದು ಎಲ್ಲರೂ ಕೇಳಲಿ. ಕೇಳದಿದ್ದರೆ ಕಾಯಿದೆಯು ಕಾಗದದಲ್ಲಿಯೇ ಉಳಿದೀತು.

ಬಳಗವೂ ಸೇವೆಯೂ ಕೂಡುವದು ಇನ್ನು ತಪ್ಪದು, ತಪ್ಪಬೇಕಾಗಿಯೂ ಇಲ್ಲ. ಆ ಕೂಡುವಿಕೆಯ ಬಾಗಿಲಿಗೆ ಅಗಳಿಯು ಒಳಗಡೆಯಿಂದ ಇರಲಿ, ಅದನ್ನು ತೆಗೆಯುವ ಹಾಕುವ ಕೈಯು ಮನೆಯವಳದೇ ಆಗಿರಲಿ ಎಂದಿಷ್ಟೇ ನಮ್ಮ ಬಿನ್ನಹ.