ಥಂಡಿ ನೀರಿನ ಮೀನಿಗೆ ಯಾವ ಎರೆ?

ಡಿಸೆಂಬರಿನ ಮೂರನೇ ಭಾನುವಾರವೂ ನಾನು ಮತ್ತು ಅಪ್ಪ ನಾಝರೆ ಹಿನ್ನೀರಿನಿಂದ ಬರಿಗೈಯಲ್ಲಿ ವಾಪಸ್ ಬಂದೆವು. ಬೆಳಗ್ಗೆ ಏಳಕ್ಕೆ ಗಾಳ ಹಾಕಿದವರು ಹತ್ತರವರೆಗೆ ಕೂತಿದ್ದೆವು. ಬೆಂಡು ಒಂದೆರಡು ಸಲ ಸಣ್ಣಗೆ ಅಲುಗಿತು, ಅಷ್ಟೇ. ಎಳೆದು ನೋಡಿದರೆ ಎರೆಹುಳು ಇದ್ದ ಹಾಗೇ ಇತ್ತು, ತುದಿ ಮಾತ್ರ ಸ್ವಲ್ಪ ಕಚ್ಚಿ ಬಿಟ್ಟ ಹಾಗಿತ್ತು. ಕಾರಿನಲ್ಲಿ ಅಪ್ಪ ಸಾಸವಡದವರೆಗೂ ಮಾತಾಡಲಿಲ್ಲ. ಗೇಟಿನ ಹತ್ತಿರ ಬಂದಾಗ ಹೇಳಿದರು: "ಇಲ್ಲಿ ನೀರೂ ನಮ್ಮದಲ್ಲ, ಮೀನೂ ನಮ್ಮದಲ್ಲ. ಫೆಬ್ರವರಿಗೆ ಊರಿಗೆ ಟಿಕೆಟ್ ಮಾಡು."

ಊರು ಅಂದರೆ ಸೊರಬದ ಕಡೆ. ಅಮ್ಮ ಹೋದ ಮೇಲೆ ಆ ಮನೆಗೆ ಬೀಗ ಬಿದ್ದು ಎರಡು ವರ್ಷವಾಯಿತು. ಕಳೆದ ಮಳೆಗಾಲದಲ್ಲಿ ಅಪ್ಪ ಇಲ್ಲೇ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ಎಪ್ಪತ್ತೆರಡು ವಯಸ್ಸು. ಅವರನ್ನು ಅಲ್ಲಿ ಒಬ್ಬರೇ ಬಿಡುವ ಹಾಗಿಲ್ಲ. ಇಲ್ಲಿ ನಾನು ದಿವೇಘಾಟ್ ಇಳಿದು ಹಡಪಸರದ ಆಫೀಸಿಗೆ ಹೋದರೆ ರಾತ್ರಿ ಎಂಟಕ್ಕೇ ವಾಪಸ್. ಅವರಿಗೆ ಮರಾಠಿ ಬಾರದು. ವಾರವಿಡೀ ಇರುವುದು ಭಾನುವಾರದ ಗಾಳವೊಂದೇ. ಹಾಗಾಗಿ ಮೀನು ಸಿಗದೇ ಹೋದದ್ದು ನನಗೆ ಬರೀ ಮೀನಿನ ವಿಷಯವಾಗಿರಲಿಲ್ಲ.

ಆ ಸಂಜೆ ಚಿಕ್ಕಪ್ಪನ ಮಗ ಮಿನ್ನೆಸೋಟದಿಂದ ವಿಡಿಯೋ ಕಾಲ್ ಮಾಡಿದ. ಅಲ್ಲಿ ಭಾನುವಾರ ಬೆಳಗ್ಗೆ. ಹೆಪ್ಪುಗಟ್ಟಿದ ಒಂದು ಸಣ್ಣ ಕೆರೆಯ ಮೇಲೆ ಸ್ಟೂಲ್ ಹಾಕಿಕೊಂಡು ಕೂತಿದ್ದ. ನಾಲ್ಕು ಇಂಚಾದರೂ ಗಟ್ಟಿ ಮಂಜು ಕಟ್ಟದೆ ಅದರ ಮೇಲೆ ಕಾಲಿಡಬಾರದಂತೆ. ಅದರಲ್ಲಿ ತೂತು ಕೊರೆದು, ಮೊಳದುದ್ದದ ಕೋಲಿನಿಂದ ದಾರ ಬಿಟ್ಟಿದ್ದ. ಅಂಗೈಯಗಲದ ಬ್ಲೂಗಿಲ್, ಕ್ರ್ಯಾಪಿ, ಪರ್ಚ್ ಹಿಡಿಯುವುದಕ್ಕೆ. ಬಾಣಲೆಗೆ ಇಡಿಯಾಗಿ ಹಾಕಿ ಹುರಿಯುವಷ್ಟು ಸಣ್ಣವು, ಅದಕ್ಕೇ ಅವರು ಇವನ್ನು ಪ್ಯಾನ್‌ಫಿಶ್ ಅನ್ನುತ್ತಾರೆ.

"ದೊಡ್ಡಪ್ಪ, ಎರೆ ನೋಡಿ" ಅಂತ ಅವನು ಜಾಕೆಟ್ಟಿನ ಒಳಜೇಬಿನಿಂದ ಒಂದು ಡಬ್ಬಿ ತೆಗೆದ. ಮರದ ಪುಡಿಯೊಳಗೆ ಬೆಳ್ಳಗೆ ದಪ್ಪಗೆ ಹುಳುಗಳು. ಅಪ್ಪ ಕನ್ನಡಕ ಹಾಕಿಕೊಂಡು ಫೋನಿಗೆ ಮುಖ ಹತ್ತಿರ ತಂದರು. "ಥೂ, ಇದು ಜೇನು ಎರಿಗೆ ಬೀಳೋ ಹುಳ ಅಲ್ವೇನೋ!"

ಹೌದು, ಅದೇ. ಮೇಣದ ಪತಂಗದ ಮರಿಹುಳು. ಊರಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದಾಗ ಅಪ್ಪ ಇದನ್ನು ಆರಿಸಿ ಆರಿಸಿ ಬೆಂಕಿಗೆ ಹಾಕಿದ್ದರು. ಅಲ್ಲಿ ಅದನ್ನು ಸಾಕಿ, ಅಂಗಡಿಯಲ್ಲಿ ಎಣಿಸಿ ಮಾರುತ್ತಾರೆ. "ದುಡ್ಡು ಕೊಟ್ಟು ತಗೊಂಡ್ಯಾ?" ಅಂತ ಅಪ್ಪ ಮೂರು ಸಲ ಕೇಳಿದರು. ಎಷ್ಟೋ ದಿನದ ಮೇಲೆ ನಕ್ಕರು.

ಅವನು ಹೇಳಿದ ಲೆಕ್ಕಾಚಾರ ನನ್ನ ತಲೆಯಲ್ಲಿ ಉಳಿಯಿತು. ಮೀನಿನ ಮೈಬಿಸಿ ನೀರಿನಷ್ಟೇ. ಮಂಜಿನ ಅಡಿ, ತಳದ ನೀರು ಸುಮಾರು 4 ಡಿಗ್ರಿ. ನೀರು ಅತಿ ಭಾರವಾಗಿರುವುದು ಆ ಬಿಸಿಯಲ್ಲೇ. ಅಂಥ ಥಂಡಿಯಲ್ಲಿ ಮೀನಿನ ಜೀರ್ಣಶಕ್ತಿ, ಓಡಾಟ ಎಲ್ಲ ನಿಧಾನ. ದೊಡ್ಡ ತುತ್ತು ಬೇಡ, ಅಟ್ಟಿಸಿಕೊಂಡು ಹೋಗುವ ಶಕ್ತಿಯೂ ಇಲ್ಲ. ಆದ್ದರಿಂದ ಎರೆ ಸಣ್ಣದಿರಬೇಕು, ಮೆತ್ತಗಿರಬೇಕು, ಬಾಯಿ ಮುಂದೆಯೇ ನಿಂತು ಸ್ವಲ್ಪ ಮಿಸುಕಬೇಕು. ಬ್ಲೂಗಿಲ್‌ನ ಬಾಯಿ ಚಿಕ್ಕದು, ಅದಕ್ಕೆ ಮೇಣದ ಹುಳು ಒಂದು, ಇಲ್ಲವೇ ಅದಕ್ಕಿಂತ ಸಣ್ಣದಾದ ಮಾಂಸದ ನೊಣದ ಮರಿಹುಳು ಒಂದೆರಡು. ಕ್ರ್ಯಾಪಿಯ ಬಾಯಿ ದೊಡ್ಡದು, ಅದಕ್ಕೆ ಬೆನ್ನಿಗೆ ಕೊಕ್ಕೆ ಚುಚ್ಚಿದ ಜೀವಂತ ಮರಿಮೀನು. ಪರ್ಚ್ ಎರಡಕ್ಕೂ ಬರುತ್ತದೆ. ಹುಳುವಿನ ಮೈ ಹರಿದು ರಸ ಪೂರ್ತಿ ಸೋರಿಹೋಗದ ಹಾಗೆ ಚುಚ್ಚಬೇಕು. ಖಾಲಿ ಚರ್ಮ ಉಳಿದರೆ ಬದಲಿಸಬೇಕು. ಡಬ್ಬಿ ಒಳಜೇಬಿನಲ್ಲೇ ಇರಬೇಕು, ಹೊರಗಿಟ್ಟರೆ ಹುಳುವೇ ಸತ್ತುಹೋಗುತ್ತದೆ.

ಸಾಸವಡದಲ್ಲಿ ಮಂಜು ಕಟ್ಟುವುದಿಲ್ಲ, ನಿಜ. ಆದರೆ ಪುರಂದರದ ಈ ಬಯಲಿನಲ್ಲಿ ಡಿಸೆಂಬರ್ ಜನವರಿಯ ಬೆಳಗಿನ ಚಳಿ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕರ್ಹಾ ನದಿಗೆ ಜೇಜುರಿಯ ಹತ್ತಿರ ಕಟ್ಟಿದ ನಾಝರೆ ಅಣೆಕಟ್ಟಿನ ಹಿನ್ನೀರಿಗೆ ಮಲ್ಹಾರ ಸಾಗರ ಅಂತ ಹೆಸರು. ಮಲ್ಹಾರ ಅಂದರೆ ಜೇಜುರಿಯ ಖಂಡೋಬಾ, ನಮ್ಮ ಮೈಲಾರಲಿಂಗ. ಅಲ್ಲಿ ನಮ್ಮ ಗಾಳಕ್ಕೆ ಸಿಗುವುದು ಹೆಚ್ಚಾಗಿ ತಿಲಾಪಿಯಾ. ನಮ್ಮೂರಲ್ಲಿ ಜಿಲೇಬಿ ಮೀನು, ಇಲ್ಲಿಯವರ ಬಾಯಲ್ಲಿ ಚಿಲಾಪಿ. ಆಫ್ರಿಕಾದ ಮೀನು, 1952ರಲ್ಲಿ ಭಾರತಕ್ಕೆ ತಂದದ್ದು. ಬಿಸಿ ನೀರಿನ ಜೀವ ಅದು. ನೀರು 20 ಡಿಗ್ರಿಗಿಂತ ಕೆಳಗೆ ಇಳಿದರೆ ಮೇವು ಕಡಿಮೆ ಮಾಡುತ್ತದೆ. ನಮ್ಮ ತಿಲಾಪಿಯಾಗೆ ಡಿಸೆಂಬರಿನ ಬೆಳಗಿನ ಏಳು ಗಂಟೆಯೆಂದರೆ ಮಿನ್ನೆಸೋಟವೇ.

ನಮ್ಮ ತಪ್ಪು ಆಗ ಕಂಡಿತು. ನಾವು ಎರೆಗೆ ಬಳಸುತ್ತಿದ್ದದ್ದು ನರ್ಸರಿಯಿಂದ ತಂದ ಎರೆಗೊಬ್ಬರದ ಹುಳು. ಬೆರಳು ದಪ್ಪ, ಗೇಣುದ್ದ. ಗೊಬ್ಬರದ ಗುಂಡಿಗೆ ಅಂತಲೇ ಸಾಕುವ ಆಫ್ರಿಕಾ ತಳಿ. ಅದಕ್ಕೂ ಥಂಡಿ ಆಗದು. ನೀರಿಗೆ ಬಿಟ್ಟ ಎರಡು ನಿಮಿಷಕ್ಕೆ ದಾರದ ತುಂಡಿನ ಹಾಗೆ ಜೋತು ಬೀಳುತ್ತಿತ್ತು. ಗಾಳವೂ ಊರಿನ ಅಭ್ಯಾಸದ ದಪ್ಪದ್ದು, ಆರನೇ ನಂಬರು. ಊರಲ್ಲಿ ಮೊದಲ ಮಳೆಗೆ ಹೊಸನೀರು ಹತ್ತುವ ಮೀನು ಹಸಿದು ಬರುತ್ತದೆ, ಏನು ಕೊಟ್ಟರೂ ನುಂಗುತ್ತದೆ. ಅಪ್ಪನ ಕೈ ಪಳಗಿದ್ದು ಆ ಮೀನಿಗೆ.

ಮಾರನೇ ದಿನ ನಮ್ಮ ಸೊಸೈಟಿ ಹಿಂದಿನ ಅಂಜೂರದ ತೋಟದವರನ್ನು ಕೇಳಿದೆ. ಪುರಂದರದ ಅಂಜೂರ ಗೊತ್ತಲ್ಲ, ಆ ತೋಟ. ಅವರು ಅಪ್ಪನನ್ನೇ ಕಳಿಸಿ ಅಂದರು. ಡ್ರಿಪ್ ಪೈಪು ತೊಟ್ಟಿಕ್ಕುವ ಜಾಗದಲ್ಲಿ, ಕೊಳೆತ ಎಲೆಯ ಅಡಿ, ಕಡ್ಡಿಯಷ್ಟೇ ದಪ್ಪದ ಸಣ್ಣ ಎರೆಹುಳು ಇದ್ದವು. ಹೊರಗಿನ ಚಳಿಯಲ್ಲೇ ಬೆಳೆದವು, ಚುರುಕು. ಅಲ್ಲಿಯ ಅಜ್ಜ "ಗಾಂಡೂಳ್" ಅಂದರಂತೆ, ಅಪ್ಪ "ಎರೆಹುಳ" ಅಂದರಂತೆ. ಗಾಳಕ್ಕೆ ಚುಚ್ಚುವ ತಿನಿಸಿಗೇ ನಮ್ಮಲ್ಲಿ ಎರೆ ಅನ್ನುವುದು, ಅದಕ್ಕೇ ಅದು ಎರೆಹುಳು ಅಂತ ಅಪ್ಪ ಕೈಸನ್ನೆಯಲ್ಲಿ ವಿವರಿಸಿದರಂತೆ. ಆ ಅಜ್ಜನಿಗೆ ಎಷ್ಟು ಅರ್ಥವಾಯಿತೋ ತಿಳಿಯದು, ಚಹಾ ಮಾತ್ರ ಕುಡಿಸಿ ಕಳಿಸಿದ್ದರು.

ಮುಂದಿನ ಭಾನುವಾರ ಹನ್ನೆರಡನೇ ನಂಬರಿನ ಗಾಳ ತಗೊಂಡೆವು. ನಂಬರು ಹೆಚ್ಚಾದಷ್ಟೂ ಗಾಳ ಸಣ್ಣದು. ಹೊರಟದ್ದೂ ತಡವಾಗಿಯೇ, ಹನ್ನೊಂದರ ಹೊತ್ತಿಗೆ, ದಡದ ತೆಳುನೀರು ಬಿಸಿಲಿಗೆ ಕಾದ ಮೇಲೆ. ಈ ಹಿನ್ನೀರಿನಲ್ಲಿ ಬಲೆ ಬೀಸುವ ಹುಡುಗರನ್ನು ಯಾವಾಗಲೂ ಕೇಳಿಯೇ ಕೂರುತ್ತೇವೆ. ಅದು ಅವರ ಅನ್ನದ ನೀರು. ಅಪ್ಪ ಹುಳುವನ್ನು ತೆಂಗಿನ ಗರಟೆಯಲ್ಲಿ ಒದ್ದೆ ಮಣ್ಣು, ಎಲೆ ಹಾಕಿ ಬಟ್ಟೆ ಮುಚ್ಚಿ ತಂದಿದ್ದರು. ಒಂದು ಇಂಚಿನ ತುಂಡು, ತುದಿ ಅಲುಗುವ ಹಾಗೆ ಚುಚ್ಚಿದರು. ಅವರ ಬೆರಳು ಈಗ ನಡುಗುತ್ತದೆ, ಸಣ್ಣ ಗಾಳಕ್ಕೆ ಎರೆ ಕಟ್ಟಲು ತುಂಬಾ ಹೊತ್ತು ಬೇಕು. ನಾನು ಕೈ ಚಾಚಿದೆ. "ಬಿಡು" ಅಂದರು. ಸುಮ್ಮನೆ ಕೂತೆ.

ನಾಲ್ಕು ಜಿಲೇಬಿ ಸಿಕ್ಕವು. ನಾಲ್ಕೂ ಅಪ್ಪನ ಗಾಳಕ್ಕೇ.

ಉಮೇದು ಬಂದು ಅವರು ಮುಂದಿನ ಯೋಜನೆ ಹಾಕಿದರು: ನೀರಾ ನದಿಯ ವೀರ್ ಅಣೆಕಟ್ಟಿನಿಂದ ಮರಿಮೀನು ಬಕೆಟ್ಟಿನಲ್ಲಿ ತಂದು, ಇಲ್ಲಿ ಕೊರವನಿಗೆ ಎರೆ ಮಾಡುವುದು. ನಾನು ಬೇಡ ಅಂದೆ, ಅವರಿಗೆ ಬೇಜಾರಾಯಿತು. ತಮ್ಮನ ಹತ್ತಿರವೇ ಹೇಳಿಸಿದೆ. ಮಿನ್ನೆಸೋಟದಲ್ಲಿ ಕೆರೆ ಬಿಡುವಾಗ ಎರೆಯ ಡಬ್ಬದ ನೀರನ್ನು ಅಲ್ಲೇ ಚೆಲ್ಲಬೇಕು. ಮರಿಮೀನು ಉಳಿಸಿಕೊಳ್ಳಬೇಕಾದರೆ ಬೇರೆ ನೀರು ತುಂಬಿಕೊಳ್ಳಬೇಕು. ಉಳಿದ ಎರೆಯನ್ನು ನೀರಿಗೂ ಬಿಡುವ ಹಾಗಿಲ್ಲ, ಮಣ್ಣಿಗೂ ಬಿಡುವ ಹಾಗಿಲ್ಲ, ಕಸದ ಬುಟ್ಟಿಗೇ ಹಾಕಬೇಕು. ಎರೆಹುಳುವನ್ನೂ! ಹಿಮಯುಗದ ನಂತರ ಆ ಕಾಡುಗಳಲ್ಲಿ ಎರೆಹುಳುವೇ ಇರಲಿಲ್ಲ. ಹೊರಗಿನಿಂದ ಬಂದ ಹುಳು ಕಾಡಿನ ತರಗೆಲೆ ತಿಂದು ಮುಗಿಸಿ, ಅದರ ಅಡಿ ಮೊಳೆಯುವ ಗಿಡಗಳಿಗೆ ನೆಲೆ ಇಲ್ಲದ ಹಾಗೆ ಮಾಡುತ್ತಿದೆ.

"ರೈತನ ಮಿತ್ರ ಅಂತ ಶಾಲೇಲಿ ಕಲಿಸಿದ್ರಲ್ಲೋ" ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಎಲ್ಲಿಯದು ಅಲ್ಲಿಗೇ ಬಿಡಬೇಕು ಅನ್ನು" ಅಂದರು. ಬಕೆಟ್ ಮತ್ತೆ ಬಚ್ಚಲಿಗೆ ಹೋಯಿತು.

ಈಗ ಪ್ರತಿ ಭಾನುವಾರ ಸಂಜೆ ಗರಟೆಯಲ್ಲಿ ಉಳಿದ ಹುಳುಗಳನ್ನು ಅಪ್ಪ ಅದೇ ಅಂಜೂರದ ಗಿಡದ ಬುಡಕ್ಕೆ ಬಿಟ್ಟು ಬರುತ್ತಾರೆ. ಐದು ನಿಮಿಷದ ಕೆಲಸ. ವಾಪಸ್ ಬರಲು ಒಂದು ಗಂಟೆ ಆಗುತ್ತದೆ. ಆ ಅಜ್ಜ ಇವರನ್ನು "ಕಾನಡೀ ಅಣ್ಣಾ" ಅನ್ನುತ್ತಾರೆ. ಇಬ್ಬರೂ ಯಾವ ಭಾಷೆಯಲ್ಲಿ ಏನು ಮಾತಾಡುತ್ತಾರೋ, ನಾನು ಕೇಳಲು ಹೋಗಿಲ್ಲ.

ಫೆಬ್ರವರಿಯ ಟಿಕೆಟ್ ಇನ್ನೂ ಮಾಡಿಲ್ಲ. ಅಪ್ಪ ಕೇಳಿಲ್ಲ, ನಾನೂ ನೆನಪಿಸಿಲ್ಲ. ನಿನ್ನೆ ಮಾತ್ರ, ಬಿಸಿಲು ಏರಿದ ಮೇಲೆ ಹನ್ನೆರಡನೇ ನಂಬರು ಸಾಲದು, ಎಂಟನೇ ನಂಬರಿನ ಗಾಳ ತಂದಿಡು ಅಂದರು.